ಮೂವತ್ತೊಂದನೆಯ ವಾಕ್ಯ

ಮಾರ್ಚ್ 3, ಸೋಮವಾರ

ಈ ದಿನಚರಿಯ ಮಾನ್ಯ ಲೇಖಕರಿಗೂ ಅದರ ಏಕೈಕ ಓದುಗರಿಗೂ, ಅಂದರೆ ನನಗೂ ನನಗೂ, ನಮಸ್ಕಾರ. ಇಲ್ಲಿ ಸತ್ಯವನ್ನೇ ಬರೆಯುತ್ತೇನೆಂದು ಪ್ರಮಾಣ ಮಾಡಿದ್ದೇನೆ. ಪ್ರಮಾಣಕ್ಕೆ ಸಾಕ್ಷಿಗಳು ಯಾರೂ ಇಲ್ಲದಿರುವುದು ಅನುಕೂಲವೇ ಆಗಿದೆ.

ಮೊದಲು ಅಪರಾಧಿಯ ಪರಿಚಯ. ವಯಸ್ಸು ಇಪ್ಪತ್ತೆರಡು. ಉದ್ಯೋಗ, ಲಿಫ್ಟ್ ದುರಸ್ತಿ ಕಚೇರಿಯಲ್ಲಿ ಫೋನ್ ಎತ್ತುವುದು. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಫೋನ್ ಮಾಡಿ ಕಿರುಚುತ್ತಾರೆ. ನಾನು "ಗಾಬರಿಯಾಗ್ಬೇಡಿ, ಹಿರಿಯ ಇಂಜಿನಿಯರ್‌ಗೆ ಕೊಡ್ತೀನಿ" ಎಂದು, ಎರಡು ಕ್ಷಣ ಕಾದು, ಗಂಟಲು ಬದಲಿಸಿ ಹಿರಿಯ ಇಂಜಿನಿಯರ್ ಆಗುತ್ತೇನೆ. ನಮ್ಮ ಕಚೇರಿಯಲ್ಲಿ ಹಿರಿಯ ಇಂಜಿನಿಯರ್ ಎಂಬ ಪ್ರಾಣಿಯೇ ಇಲ್ಲ. ಆ ಗಂಟಲು ಅಪ್ಪನದು. ಎಂಟನೇ ತರಗತಿಯಿಂದಲೂ ಅಪ್ಪನ ಧ್ವನಿಯಲ್ಲಿ ಶಾಲೆಗೆ ಫೋನ್ ಮಾಡಿ ನನಗೆ ನಾನೇ ರಜೆ ಮಂಜೂರು ಮಾಡಿಕೊಂಡು ಬಂದ ಮಹಾನುಭಾವ ನಾನು.

ಅಪ್ಪ ಡಬ್ಬಿಂಗ್ ಕಲಾವಿದ. ಮೂವತ್ತೆಂಟು ವರ್ಷ ಸಿನಿಮಾಗಳಿಗೆ ಧ್ವನಿ ಕೊಟ್ಟವನು. ನಾಯಕನಿಗಲ್ಲ. ಖಳನಾಯಕನ ಎಡಗಡೆ ನಿಲ್ಲುವವನಿಗೆ, ಸ್ಟೇಷನ್ ಮಾಸ್ತರನಿಗೆ, ಎರಡನೇ ದೆವ್ವಕ್ಕೆ. ಜನವರಿ ಎಂಟರಂದು ಅಪ್ಪನ ಗಂಟಲಿಗೆ ಶಸ್ತ್ರಚಿಕಿತ್ಸೆ ಆಯಿತು. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು.

ಅದಕ್ಕೆ ಮೂರು ದಿನ ಮೊದಲು ಅಮ್ಮ ಹಠ ಹಿಡಿದಳು. ಧ್ವನಿ ಹೋಗುವ ಮೊದಲೇ ಹಿಡಿದಿಡಬೇಕು. ಭಾಷಣ ಬೇಡ, ಹಾಡು ಬೇಡ, ಮನೆಯ ಮಾತು ಸಾಕು. ತಾನೇ ಮೂವತ್ತು ವಾಕ್ಯ ಬರೆದುಕೊಟ್ಟಳು. "ಊಟ ಆಯ್ತಾ?" "ಛತ್ರಿ ತಗೊಂಡು ಹೋಗು." "ಯಾರೋ ಬಾಗಿಲು ತಟ್ಟಿದ ಹಾಗಾಯ್ತು ನೋಡು." ಅಪ್ಪನಿಗೆ ಫೋನಿನಲ್ಲಿ ರೆಕಾರ್ಡ್ ಮಾಡುವುದು ಅವಮಾನ. "ಫೋನ್ ಇರೋದು ಹರಟೋಕೆ. ಧ್ವನಿ ಹಿಡಿಯೋಕೆ ಇದು" ಎಂದು ತನ್ನ ಹಳೇ ಕ್ಯಾಸೆಟ್ ಯಂತ್ರ ಹೊರತೆಗೆದ. ಅಮ್ಮನನ್ನು ಆಚೆ ಕಳಿಸಿದೆವು. ನಾನು ಧ್ವನಿಮುದ್ರಣ ತಜ್ಞನ ಪದವಿ ಸ್ವೀಕರಿಸಿ, ಹೆಡ್‌ಫೋನ್ ಧರಿಸಿ, ಗಂಭೀರವಾಗಿ ತಲೆಯಾಡಿಸಿದೆ.

ಆ ಯಂತ್ರದಲ್ಲಿ ಮುದ್ರಣವಾಗಬೇಕಾದರೆ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ನಾನು ಒಂದನ್ನು ಒತ್ತಿದ್ದೆ. ಹೆಡ್‌ಫೋನಿನ ವೈರು ಯಾವ ತೂತಿಗೂ ಸಿಕ್ಕಿಸಿರಲಿಲ್ಲ.

ಇದು ಗೊತ್ತಾದದ್ದು ಶಸ್ತ್ರಚಿಕಿತ್ಸೆಯ ದಿನ, ಆಸ್ಪತ್ರೆಯ ಕಾರಿಡಾರಿನಲ್ಲಿ, ಅಪ್ಪ ಒಳಗೆ ಹೋದ ಒಂದು ಗಂಟೆಯ ನಂತರ. ಕ್ಯಾಸೆಟ್ಟಿನ ಎರಡೂ ಬದಿ ಕೇಳಿದೆ. ಬರೀ ಸರಸರ.

ನಾಲ್ಕನೇ ದಿನ ಕಚೇರಿಯಲ್ಲಿ ಗಿರಾಕಿಗಳಿಗೆ ತೋರಿಸಲು ಇಟ್ಟ ನಮೂನೆ ಲಿಫ್ಟಿನೊಳಗೆ ಹೊಕ್ಕು, ಬಾಗಿಲು ಮುಚ್ಚಿಕೊಂಡು, ಎರಡೂ ಗುಂಡಿ ಒತ್ತಿ, ಮೂವತ್ತೂ ವಾಕ್ಯಗಳನ್ನು ಅಪ್ಪನ ಧ್ವನಿಯಲ್ಲಿ ನಾನೇ ಹೇಳಿದೆ. ಅಮ್ಮನ ಕೈಗೆ ಕೊಟ್ಟೆ. ಅಮ್ಮ ಕಣ್ಣಿಗೆ ಒತ್ತಿಕೊಂಡಳು.

ಇಂದಿಗೆ ಏಳು ವಾರ.

ಇನ್ನೊಂದು ವಿಷಯ. ಅವತ್ತು ಮೂವತ್ತು ವಾಕ್ಯ ಮುಗಿದ ಮೇಲೆ ಅಪ್ಪ ಕಾಗದ ಮಡಿಸಿಟ್ಟು, ಪಟ್ಟಿಯಲ್ಲಿ ಇಲ್ಲದ ಒಂದು ಮಾತನ್ನೂ ಹೇಳಿದ್ದ. ಮೂವತ್ತೊಂದನೆಯದು. ಅಮ್ಮನಿಗೆ. ಅದನ್ನು ಲಿಫ್ಟಿನಲ್ಲಿ ಹೇಳಲು ಹೋದೆ, ಬಾಯಿ ಬರಲಿಲ್ಲ. ಇಲ್ಲೂ ಬರೆಯುವುದಿಲ್ಲ. ಅದು ನನ್ನ ವಿಳಾಸಕ್ಕೆ ಬಂದದ್ದಲ್ಲ.

ಮಾರ್ಚ್ 6, ಗುರುವಾರ

ಸಂಜೆಯ ಕಾರ್ಯಕ್ರಮ ಎಂದಿನಂತೆ ಜರುಗಿತು. ಅಮ್ಮ ಒಣಗಿದ ಬಟ್ಟೆಗಳ ರಾಶಿ ಮುಂದಿಟ್ಟುಕೊಂಡು ಕುಳಿತಳು, ಗುಂಡಿ ಒತ್ತಿದಳು. ಅಪ್ಪ ಎದ್ದು, ಹೊರಗೆ ಮೆಟ್ಟಿಲ ಮೇಲೆ ಹೋಗಿ ಕುಳಿತ. ತನ್ನ ಧ್ವನಿ ಕೇಳಲು ಅವನಿಂದ ಆಗುವುದಿಲ್ಲ. ಒಮ್ಮೆಯೂ ಕೇಳಿಲ್ಲ. ದೇವರೇ, ಅವನ ಈ ಸಂಕಟವನ್ನು ಕಾಪಾಡು.

"ಊಟ ಆಯ್ತಾ?" ಎಂದಿತು ಯಂತ್ರ.

"ಆಯ್ತು, ನಿಮ್ದು?" ಎಂದಳು ಅಮ್ಮ, ದಿಂಬಿನ ಕವರು ಮಡಿಸುತ್ತ.

ಅವಳು ಪ್ರತಿಯೊಂದಕ್ಕೂ ಉತ್ತರ ಕೊಡುತ್ತಾಳೆ. ನಾನು ಪಕ್ಕದ ಕೋಣೆಯಲ್ಲಿ ಕುಳಿತು, ನನ್ನ ಅಭಿನಯಕ್ಕೆ ಸಿಗುತ್ತಿರುವ ಈ ಮಹಾ ಪ್ರತಿಕ್ರಿಯೆಗೆ ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡಿರುತ್ತೇನೆ.

ಮೆಟ್ಟಿಲಿಂದ ಒಳಬಂದ ಕೂಡಲೇ ಅಪ್ಪ ಅಮ್ಮನ ಮುಖ ನೋಡುತ್ತಾನೆ. ದಿನವೂ. ಗೋಡೆಗೆ ಅಂಟಿಸಿದ ಫಲಿತಾಂಶದಲ್ಲಿ ತನ್ನ ನಂಬರು ಹುಡುಕುವ ವಿದ್ಯಾರ್ಥಿಯಂತೆ. ಆಮೇಲೆ ತನ್ನ ಕುರ್ಚಿಗೆ ಹೋಗಿ ಗೋಡೆಯ ಕಡೆ ತಿರುಗುತ್ತಾನೆ. ಆಸ್ಪತ್ರೆಯವರು ಕೊಟ್ಟ ಯಂತ್ರವನ್ನು ಇವತ್ತೂ ಮುಟ್ಟಲಿಲ್ಲ. ಟಾರ್ಚಿನಷ್ಟುದ್ದದ ಬ್ಯಾಟರಿ ಯಂತ್ರ. ಗದ್ದದ ಕೆಳಗೆ ಒತ್ತಿ ಹಿಡಿದು ತುಟಿ ಆಡಿಸಿದರೆ, ಡಬ್ಬಿಯೊಳಗೆ ಸಿಕ್ಕಿಕೊಂಡ ದುಂಬಿ ಮಾತಾಡಿದ ಹಾಗೆ ಮಾತು ಹೊರಡುತ್ತದೆ. ಆಸ್ಪತ್ರೆಯಲ್ಲಿ ಒಂದು ಪದ ಹೇಳಿ, ಯಂತ್ರವನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಕಪಾಟಿಗೆ ಹಾಕಿದ್ದಾನೆ. ಏನಾದರೂ ಬೇಕಿದ್ದರೆ ಹಳೇ ಡೈಲಾಗ್ ಹಾಳೆಗಳ ಹಿಂಬದಿಯಲ್ಲಿ ಬರೆಯುತ್ತಾನೆ. ಇವತ್ತು ಬರೆದದ್ದು ಒಂದೇ ಪದ: "ನೀರು."

ಮಾರ್ಚ್ 12, ಬುಧವಾರ

ವೃತ್ತಿಜೀವನದ ಕಪ್ಪು ದಿನ.

ಹನ್ನೊಂದು ಗಂಟೆಗೆ ಒಬ್ಬ ಹೆಂಗಸು ಐದನೇ ಮಹಡಿ ಮತ್ತು ಆರನೇ ಮಹಡಿಯ ನಡುವೆ ಸಿಕ್ಕಿಕೊಂಡು ಫೋನ್ ಮಾಡಿದಳು. "ಹಿರಿಯ ಇಂಜಿನಿಯರ್‌ಗೆ ಕೊಡ್ತೀನಿ" ಎಂದೆ. ಎರಡು ಕ್ಷಣ ಕಾದೆ. ಹಿರಿಯ ಇಂಜಿನಿಯರ್ ಬರಲಿಲ್ಲ. ಗಂಟಲಲ್ಲಿ ಇದ್ದಾನೆ, ಹೊರಗೆ ಬರುತ್ತಿಲ್ಲ.

"ಹಲೋ? ಇದ್ದೀರಾ?"

"ಇದ್ದೀನಿ ಮೇಡಂ."

"ನೀವೇ ಅಲ್ವಾ ಮೊದ್ಲು ಮಾತಾಡಿದ್ದು?"

"ಹೌದು ಮೇಡಂ. ನಾನೊಬ್ನೇ ಇರೋದು."

ಅವಳಿಗೆ ಕತ್ತಲೆಯ ಭಯ. ಇಪ್ಪತ್ತೆರಡು ನಿಮಿಷ, ಮೆಕ್ಯಾನಿಕ್ ತಲುಪುವವರೆಗೆ, ನನ್ನ ಸ್ವಂತ ಕೀರಲು ಧ್ವನಿಯಲ್ಲೇ ಅದೂ ಇದೂ ಮಾತಾಡಿಸುತ್ತ ಕೂತೆ. ಅವಳ ಬೆಕ್ಕಿನ ಜೀವನಚರಿತ್ರೆ ಈಗ ನನಗೆ ಸಂಪೂರ್ಣ ಗೊತ್ತು. ಆಮೇಲೆ ಮ್ಯಾನೇಜರ್ ಬಂದು, "ಏನಪ್ಪಾ, ಹಿರಿಯ ಇಂಜಿನಿಯರ್ ಇವತ್ತು ರಜೆನಾ?" ಎಂದ. ಎಲ್ಲರಿಗೂ ಗೊತ್ತಿತ್ತು ಎಂದಾಯಿತು. ಕಲಾವಿದನಿಗೆ ಇದಕ್ಕಿಂತ ಅವಮಾನ ಬೇಡ. ನೆಗಡಿ ಆಗಿರಬೇಕು.

ಆದರೆ ಮಹಾಪುರುಷರು ಸೋಲಿನಲ್ಲೇ ಯೋಜನೆ ಹಾಕುತ್ತಾರೆ. ಊರಿನ ಆಚೆ ತುದಿಯಲ್ಲಿ, ಕಾಲುವೆಗಳ ಬಡಾವಣೆಯಲ್ಲಿ, ಒಂದು ಸಿನಿಮಾ ಸಂಗ್ರಹಾಲಯ ಇದೆ. ಅಲ್ಲಿ ಹಳೇ ಚಿತ್ರಗಳ ಧ್ವನಿ ಕೇಳುವ ಕೋಣೆ ಇದೆಯಂತೆ. ಅಪ್ಪನ ಅಸಲಿ ಧ್ವನಿ ಅಲ್ಲಿ ಸಿಕ್ಕೇ ಸಿಗುತ್ತದೆ. ಒಂದು ಚಿತ್ರದಿಂದ "ಊಟ", ಇನ್ನೊಂದರಿಂದ "ಆಯ್ತಾ" ಕದ್ದು, ಹೊಲಿದು, ಕ್ಯಾಸೆಟ್ ಬದಲಿಸಿಬಿಟ್ಟರೆ ಪಾಪ ಪರಿಹಾರ. ಯಾರಿಗೂ ಏನೂ ಹೇಳಬೇಕಾಗಿಲ್ಲ.

ಊಟದ ಹೊತ್ತಿಗೆ ಬಾಯಿ ತಪ್ಪಿ ಸಂಗ್ರಹಾಲಯ ಎಂದುಬಿಟ್ಟೆ.

"ಅಪ್ಪನ್ನೂ ಕರ್ಕೊಂಡು ಹೋಗು" ಎಂದಳು ಅಮ್ಮ. "ಕೂತು ಕೂತು ಅವರೂ ಒಂದು ಗೋಡೆ ಆಗ್ತಿದ್ದಾರೆ."

"ಅಪ್ಪನಿಗೆ ಬೇಜಾರಾಗುತ್ತಮ್ಮ."

ಅಪ್ಪ ಹಾಳೆ ಎಳೆದುಕೊಂಡು ಬರೆದ: "ಶನಿವಾರ. ಬೆಳಿಗ್ಗೆ."

ಮಾರ್ಚ್ 15, ಶನಿವಾರ

ಯಾತ್ರೆಯ ವರದಿ. ಸ್ವಲ್ಪ ಉದ್ದವಾಗಿದೆ. ಓದುಗರು ಕ್ಷಮಿಸಬೇಕು.

ಬಸ್ಸು ನಮ್ಮನ್ನು ಒಂದು ಸೇತುವೆಯ ಬಳಿ ಇಳಿಸಿತು. ಅಲ್ಲಿಂದ ಮುಂದೆ ಗಾಡಿಗಳಿಗೆ ದಾರಿ ಇಲ್ಲ. ನೀರು ಹಳೇ ಔಷಧದ ಬಾಟಲಿಯ ಬಣ್ಣ. ಮನೆಗಳ ಹಿಂಬಾಗಿಲು ನೇರ ನೀರಿಗೇ ತೆರೆಯುತ್ತದೆ. ಮೂರು ಮೆಟ್ಟಿಲು ಕಾಣುತ್ತವೆ, ನಾಲ್ಕನೆಯದು ನೀರೊಳಗೆ. ಒಬ್ಬ ದೋಣಿಯನ್ನು ಬೋರಲು ಹಾಕಿ ಅದರ ಹೊಟ್ಟೆಗೆ ಬಣ್ಣ ಬಳಿಯುತ್ತಿದ್ದ. ಬ್ರಶ್ಶಿನ ಸದ್ದು ಈ ದಡಕ್ಕೆ ಕೇಳಿಸುತ್ತಿತ್ತು. ಅಷ್ಟು ನಿಶ್ಶಬ್ದ. ಅಂಗಡಿಯವನು ಪಿಸುಮಾತಿನಲ್ಲಿ "ಏನ್ ಬೇಕು?" ಎಂದ. ನಾನೂ ಪಿಸುಮಾತಿನಲ್ಲಿ "ಬಿಸ್ಕೆಟ್" ಎಂದೆ. ಕಳ್ಳಸಾಗಣೆದಾರರಂತೆ ಒಂದು ಪೊಟ್ಟಣ ಬಿಸ್ಕೆಟ್ ಕೈಬದಲಾಯಿತು.

ಅಪ್ಪನ ನಡಿಗೆ ಮಾತ್ರ ಇಲ್ಲಿ ಬೇರೆಯೇ ಆಯಿತು. ನಮ್ಮ ಬೀದಿಯಲ್ಲಿ ಕತ್ತಿನ ಬಟ್ಟೆ ಸರಿಮಾಡಿಕೊಳ್ಳುತ್ತ ಗೋಡೆಯ ಪಕ್ಕ ನಡೆಯುವವನು ಇಲ್ಲಿ ನಡುದಾರಿಯಲ್ಲಿ ಹೋಗುತ್ತಿದ್ದ. ಕಿಟಕಿಯಿಂದ ಒಬ್ಬ ಅಜ್ಜಿ ಕೈಬೀಸಿದಳು, ಅಪ್ಪ ಕೈಬೀಸಿದ. ಸಂಭಾಷಣೆ ಮುಗಿಯಿತು. ಆ ಕೇರಿಯಲ್ಲಿ ಯಾರಿಗೂ ಅಪ್ಪ ವಿಚಿತ್ರವಾಗಿ ಕಾಣಲಿಲ್ಲ. ವಟವಟ ಎನ್ನುತ್ತಿದ್ದ ನಾನು ಕಂಡೆ.

ಒಂದು ಎತ್ತುಸೇತುವೆಯನ್ನು ಅದರ ಕಾವಲುಗಾರ ಚಕ್ರ ತಿರುಗಿಸಿ ಮೇಲೆತ್ತಿದ. ಕೆಳಗೆ ಒಂದು ದೋಣಿ ಹಾಯಿತು. ದೋಣಿಯವನು ಮೇಲೆ ನೋಡಿ ಏನೋ ಹೇಳಿದ. ದೂರ, ನನಗೆ ಕೇಳಿಸಲಿಲ್ಲ. ಪಕ್ಕಕ್ಕೆ ತಿರುಗಿದರೆ ಅಪ್ಪನ ತುಟಿಗಳು ಅವನ ತುಟಿಗಳ ಜೊತೆ ಸರಿಯಾಗಿ ಆಡುತ್ತಿದ್ದವು. ಹಳೇ ಚಾಳಿ. ಎರಡು ತಿಂಗಳಿಂದ ತುಟಿ ಆಡಿಸಿರಲಿಲ್ಲ ಎಂಬುದು ಈಗ ಬರೆಯುವಾಗ ಹೊಳೆಯುತ್ತಿದೆ.

ಸಂಗ್ರಹಾಲಯ ಹಿಂದೆ ಫಿಲ್ಮು ತೊಳೆಯುವ ಕಾರ್ಖಾನೆಯಾಗಿತ್ತಂತೆ. ಕಾಲುವೆಯ ನೀರಿಗೆ ಅಂಟಿಕೊಂಡೇ ಇದೆ, ಎತ್ತರದ ಕಿಟಕಿಗಳು, ಒಳಗೆ ಈಗಲೂ ರಾಸಾಯನಿಕದ ಹುಳಿ ವಾಸನೆ. ಬಿಳೀ ಕೈಗವಸು ತೊಟ್ಟ ಒಬ್ಬ ಮೇಡಂ ಮೇಲ್ವಿಚಾರಕಿ. ಬಾಗಿಲಲ್ಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, "ಯಾವುದನ್ನೂ ಮುಟ್ಟೋ ಹಾಗಿಲ್ಲ" ಎಂದರು. ಅಪ್ಪನಿಗೆ ಹೇಳಲಿಲ್ಲ. ನನಗೆ ಮಾತ್ರ. ಮುಖದ ಮೇಲೆ ಬರೆದಿರುತ್ತದೆಯೋ ಏನೋ.

ಅಪ್ಪ ಕ್ಯಾಮೆರಾಗಳನ್ನು ನೋಡುವಾಗ ನಾನು ಕೇಳುವ ಕೋಣೆಗೆ ನುಗ್ಗಿದೆ. ಒಂದು ಗಂಟೆ ಹುಡುಕಿ ನಾಲ್ಕು ಚಿತ್ರಗಳಲ್ಲಿ ಅಪ್ಪನನ್ನು ಹಿಡಿದೆ. ಒಂದರಲ್ಲಿ "ಬಾಸ್, ಅವನು ತಪ್ಪಿಸ್ಕೊಂಡ!" ಎನ್ನುವ ಬಂಟ. ಒಂದರಲ್ಲಿ "ರೈಲು ಎರಡು ಗಂಟೆ ತಡ" ಎನ್ನುವ ಸ್ಟೇಷನ್ ಮಾಸ್ತರ. ಒಂದರಲ್ಲಿ ದೆವ್ವ, ಬರೀ ನಗು. ಒಂದರಲ್ಲಿ ಸಾಯುವ ಮುದುಕ, ಹನ್ನೊಂದು ನಿಮಿಷ ಸಾಯುತ್ತಾನೆ. ಎಲ್ಲ ಅಪ್ಪನೇ, ಯಾವುದೂ ಅಪ್ಪ ಅಲ್ಲ. ಈ ನಾಲ್ವರನ್ನೂ ಸೇರಿಸಿ ಹೊಲಿದರೂ "ಛತ್ರಿ ತಗೊಂಡು ಹೋಗು" ಎನ್ನುವ ಒಬ್ಬ ಮನುಷ್ಯ ಆಗುತ್ತಿರಲಿಲ್ಲ. ನನ್ನ ಮಹಾಯೋಜನೆ ಅಲ್ಲೇ ಮಕಾಡೆ ಮಲಗಿತು.

ಅಷ್ಟರಲ್ಲಿ ಗುಡುಗಿತು.

ಕಟ್ಟಡವೇ ನಡುಗುವಂಥ ಗುಡುಗು. ಓಡಿಹೋದೆ. ಸದ್ದಿನ ಕೋಣೆಯಲ್ಲಿ, ಆಳೆತ್ತರದ ತಗಡಿನ ಹಾಳೆ ಇನ್ನೂ ಅಲುಗುತ್ತಿತ್ತು. ಹಿಂದಿನ ಕಾಲದಲ್ಲಿ ಗುಡುಗಿನ ಸದ್ದಿಗೆ ಅಲುಗಿಸುತ್ತಿದ್ದದ್ದು. ಅದರ ಮೇಲೆ ದಪ್ಪ ಅಕ್ಷರದಲ್ಲಿ "ಮುಟ್ಟಬಾರದು". ಅದರ ಪಕ್ಕ ಅಪ್ಪ. ಕೈ ಹಿಂದೆ ಕಟ್ಟಿಕೊಂಡು, ಪ್ರಪಂಚದ ಯಾವ ಗುಡುಗಿಗೂ ತನಗೂ ಸಂಬಂಧವಿಲ್ಲ ಎಂಬಂತೆ ಸೂರು ನೋಡುತ್ತ.

ಕೈಗವಸಿನ ಮೇಡಂ ಧಾವಿಸಿ ಬಂದರು. "ಯಾರದು?"

ಅಪ್ಪ ಮೆಲ್ಲಗೆ, ಬಹಳ ದುಃಖದಿಂದ, ತೋರುಬೆರಳನ್ನು ನನ್ನ ಕಡೆ ತಿರುಗಿಸಿದ.

"ಬಾಗಿಲಲ್ಲೇ ಅಂದ್ಕೊಂಡೆ!" ಎಂದು ಅವರು ಐದು ನಿಮಿಷ ನನಗೆ ಬಿಸಿ ಮುಟ್ಟಿಸಿದರು. "ಇಂಥ ಅಪ್ಪನಿಗೆ ಇಂಥ ಮಗ!" ಎಂದರು. ಅಪ್ಪ ಒಪ್ಪಿ ತಲೆಯಾಡಿಸಿದ. ಅವನ ಭುಜಗಳು ಕುಣಿಯುತ್ತಿದ್ದವು. ಸದ್ದಿಲ್ಲದ ನಗು. ಕತ್ತಿನ ಬಟ್ಟೆ ಮಾತ್ರ ಉಬ್ಬಿ ಉಬ್ಬಿ ಇಳಿಯುತ್ತಿತ್ತು. ಕುಚೇಷ್ಟೆ ನನಗೆ ಎಲ್ಲಿಂದ ಬಂತು ಎಂದು ಶಾಲೆಯವರು ಕೇಳುತ್ತಿದ್ದರು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಮೂರನೇ ಕೋಣೆಯಲ್ಲಿ ಧ್ವನಿ ಕೊಡುವ ಪೆಟ್ಟಿಗೆ ಇತ್ತು. ಪರದೆಯ ಮೇಲೆ ಮೂಕದೃಶ್ಯ ಬರುತ್ತದೆ. ಗಂಡ, ಹೆಂಡತಿ, ದೋಣಿ. ಗಂಡ ಏನೋ ಹೇಳುತ್ತಾನೆ, ಹೆಂಡತಿ ಮುಖ ತಿರುಗಿಸುತ್ತಾಳೆ. ಮೈಕಿನ ಮುಂದೆ ನಿಂತು ಬೇಕಾದ ಮಾತು ಹಾಕಬಹುದು. ಏಳೆಂಟು ಜನ ನಿಂತಿದ್ದರು, ಯಾರೂ ಮುಂದೆ ಬರುತ್ತಿರಲಿಲ್ಲ. ಜನ ಸೇರಿದ್ದಾರೆ, ಮೈಕು ಇದೆ, ಬೈಗುಳ ಕೇಳಿ ಮುಖ ಬೇರೆ ಬಾಡಿದೆ. ನಾನು ನಾನಾಗಿಯೇ ಉಳಿದೆ. ಹೋಗಿ ನಿಂತೆ. ಗಂಡ ಬಾಯಿ ತೆರೆದ. ನನ್ನ ಬಾಯಿಂದ, ನೆಗಡಿ ಗಿಗಡಿ ಏನೂ ಇಲ್ಲದೆ, ಅಪ್ಪನ ಧ್ವನಿ ಬಂತು.

"ಏನೇ, ದೋಣಿಗೆ ತೂತು ಬಿದ್ದಿದೆ. ನೀನು ಇಳಿದ್ರೆ ನಾನು ಬದುಕ್ತೀನಿ. ಏನಂತೀಯ?"

ಹೆಂಡತಿ ಸರಿಯಾಗಿ ಅದೇ ಕ್ಷಣ ಮುಖ ತಿರುಗಿಸಿದಳು. ಜನ ಬಿದ್ದು ಬಿದ್ದು ನಕ್ಕರು. ಕೈಗವಸಿನ ಮೇಡಂ ಕೂಡ ಕೈತಟ್ಟಿದರು, ಕೈಗವಸಿನಿಂದಾಗಿ ಸದ್ದಾಗಲಿಲ್ಲ. ನಾನು ಬಾಗಿ ನಮಸ್ಕರಿಸಿ ಅಪ್ಪನನ್ನು ಹುಡುಕಿದೆ. ಅಪ್ಪ ಕೋಣೆಯಲ್ಲಿ ಇರಲಿಲ್ಲ.

ಹಿಂಬಾಗಿಲ ಆಚೆ, ನೀರಿಗಿಳಿಯುವ ಮೆಟ್ಟಿಲ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಕುಳಿತೆ. ಬಿಸ್ಕೆಟ್ ಕೊಟ್ಟೆ, ತೆಗೆದುಕೊಳ್ಳಲಿಲ್ಲ. ಹಾಳೆ ತೆಗೆದು ಬರೆದ:

"ನನ್ನ ಹಾಗೇ ಇದೆ."

ಅದರ ಕೆಳಗೆ:

"ನಿನ್ನಮ್ಮ ಕೇಳುವ ಕ್ಯಾಸೆಟ್ಟೂ ಹೀಗೇ ಕೇಳಿಸುತ್ತದಾ?"

ನಾನು ಒಂದು ಬಿಸ್ಕೆಟ್ಟನ್ನು ನಾಲ್ಕು ತುಂಡು ಮಾಡಿದೆ. ಅಪ್ಪ ಮತ್ತೆ ಬರೆದ. ಈ ಸಲ ಅಕ್ಷರ ಚಿಕ್ಕದಾಗಿತ್ತು.

"ಕೊನೆಯ ಮಾತಿಗೆ ಅವಳು ಏನೂ ಹೇಳಲಿಲ್ಲ. ದಿನಾ ಕೇಳುತ್ತಾಳೆ. ಏನೂ ಹೇಳುವುದಿಲ್ಲ. ಸಿಟ್ಟಿರಬೇಕು. ಇರಲಿ, ನ್ಯಾಯವೇ."

ಆಗ ನನಗೆ ಅರ್ಥವಾಯಿತು, ಅವನು ದಿನವೂ ಬಂದು ಅಮ್ಮನ ಮುಖದಲ್ಲಿ ಏನು ಹುಡುಕುತ್ತಿದ್ದ ಎಂದು.

ಹೇಳಿಬಿಟ್ಟೆ. ಒಂದು ಗುಂಡಿ, ಸಿಕ್ಕಿಸದ ವೈರು, ಆಸ್ಪತ್ರೆಯ ಕಾರಿಡಾರು, ನಮೂನೆ ಲಿಫ್ಟು, ಮೂವತ್ತು ವಾಕ್ಯ. "ಮೂವತ್ತೊಂದನೇದು ಅಮ್ಮನಿಗೆ ತಲುಪೇ ಇಲ್ಲಪ್ಪ. ಅವಳಿಗೆ ಅಂಥದ್ದೊಂದಿದೆ ಅಂತಾನೇ ಗೊತ್ತಿಲ್ಲ." ಯಾವ ಧ್ವನಿಯಲ್ಲಿ ಹೇಳಿದೆನೋ ನೆನಪಿಲ್ಲ.

ಅಪ್ಪ ನೀರು ನೋಡುತ್ತ ಕೂತ. ಹೊಡೆಯುತ್ತಾನೆ ಎಂದುಕೊಂಡೆ. ನೂಕಿದರೆ ಈಜು ಬರುತ್ತದಲ್ಲ ಎಂದು ಲೆಕ್ಕ ಹಾಕಿದೆ, ಬರುವುದಿಲ್ಲ ಎಂದು ನೆನಪಾಯಿತು. ಅಪ್ಪ ಇನ್ನೊಂದು ಹಾಳೆ ತೆಗೆದು ಬರೆದ:

"ಮೂವತ್ತೆಂಟು ವರ್ಷ ಮುದ್ರಣದ ಕೆಂಪು ದೀಪ ನೋಡದೆ ಬಾಯಿ ತೆರೆದವನಲ್ಲ. ಅವತ್ತು ನಾನೂ ನೋಡಲಿಲ್ಲ."

"ಅಮ್ಮನಿಗೆ ನಾನೇ ಹೇಳ್ತೀನಪ್ಪ. ಮೂವತ್ತೊಂದನೇದೂ ಹೇಳ್ತೀನಿ. ನನಗೆ ಒಂದಕ್ಷರ ಬಿಡದೆ ನೆನಪಿದೆ."

ಅಪ್ಪ ಪೆನ್ನನ್ನು ಹಾಳೆ ಹರಿಯುವಷ್ಟು ಒತ್ತಿ ಬರೆದ.

"ಕ್ಯಾಸೆಟ್ಟಿನದು ನೀನು ಹೇಳು. ಅದೊಂದು ನೀನು ಹೇಳಬೇಡ."

ಬಸ್ಸಿನಲ್ಲಿ ಬರುವಾಗ ನನ್ನ ಕೈಯಿಂದ ಬಿಸ್ಕೆಟ್ ಪೊಟ್ಟಣ ಕಿತ್ತುಕೊಂಡು ಪೂರ್ತಿ ತಿಂದ. ಒಂದೂ ಉಳಿಸಲಿಲ್ಲ.

ಮಾರ್ಚ್ 16, ಭಾನುವಾರ

ಹೇಳಿದೆ.

ಅಮ್ಮನ ಕೈಯಲ್ಲಿ ಟವೆಲ್ ಇತ್ತು. ಮಡಿಸಿದಳು, ಬಿಚ್ಚಿದಳು, ಮಡಿಸಿದಳು.

"ಎರಡು ತಿಂಗಳು ನನ್ ಜೊತೆ ಮಾತಾಡಿದ್ದು ನೀನಾ?"

"ಹೌದಮ್ಮ."

"ನಾನು ಉತ್ತರ ಕೊಡ್ತಿದ್ನಲ್ಲೋ."

ಅಷ್ಟೇ ಅಂದಳು. ಬೈಯಲಿಲ್ಲ. ಬೈಗುಳಕ್ಕೆ ನನ್ನ ಬಳಿ ಹದಿನಾಲ್ಕು ಬಗೆಯ ಮುಖಗಳು ಸಿದ್ಧ ಇವೆ. ಇದಕ್ಕೆ ಒಂದೂ ಇರಲಿಲ್ಲ. ಕ್ಯಾಸೆಟ್ ತೆಗೆದು ನನ್ನ ದಿಂಬಿನ ಮೇಲೆ ಇಟ್ಟುಹೋಗಿದ್ದಾಳೆ. ಅಪ್ಪ ಬಾಗಿಲ ಬಳಿ ನಿಂತು ಎಲ್ಲ ನೋಡಿದ. ಕತ್ತಿನ ಬಟ್ಟೆ ಸರಿಮಾಡಿಕೊಂಡು ಕಪಾಟಿನ ಕಡೆ ಹೋದ.

ಮಾರ್ಚ್ 19, ಬುಧವಾರ

ಮನೆಯ ಅಂಕಿಅಂಶ: ಮಾತಾಡಬಲ್ಲವರು ಇಬ್ಬರು, ಮಾತಾಡುತ್ತಿರುವವನು ಒಬ್ಬ, ಕೇಳಿಸಿಕೊಳ್ಳುತ್ತಿರುವವರು ಸೊನ್ನೆ. ಅಮ್ಮ ಊಟವನ್ನೂ ತಟ್ಟೆಗೇ ಬಡಿಸುತ್ತಾಳೆ, ನನಗೆ ಬಡಿಸುವುದಿಲ್ಲ.

ಬಚ್ಚಲುಮನೆಯಿಂದ ಬೆಳಿಗ್ಗೆ ಅರ್ಧ ಗಂಟೆ ಝೇಂಕಾರ. ನಲ್ಲಿ ಪೂರ್ತಿ ಬಿಟ್ಟುಕೊಂಡು, ಅದರ ಹಿಂದೆ ಝೇಂಕಾರ. ಅಪ್ಪನಿಗೆ ಗಡ್ಡ ಇಷ್ಟು ದಪ್ಪ ಯಾವಾಗ ಆಯಿತು ಎಂದು ಯೋಚಿಸುತ್ತ ಹಲ್ಲುಜ್ಜಿದೆ. ಅರ್ಧ ಉಜ್ಜಿದ ಮೇಲೆ ತಿಳಿಯಿತು, ಅದು ಕ್ಷೌರದ ಯಂತ್ರ ಅಲ್ಲ.

ಮಾರ್ಚ್ 20, ಗುರುವಾರ

ಝೇಂಕಾರ, ನಲವತ್ತು ನಿಮಿಷ. ನೀರಿನ ತೊಟ್ಟಿ ಖಾಲಿ. ಸ್ನಾನವಿಲ್ಲದೆ ಕಚೇರಿಗೆ ಹೋದೆ.

ಮಾರ್ಚ್ 23, ಭಾನುವಾರ

ಸಂಜೆ ಐದೂವರೆ. ಅಮ್ಮ ಬಟ್ಟೆ ರಾಶಿಯ ಮುಂದೆ. ಅಪ್ಪ ಬಂದು ಅವಳ ಎದುರು ನೆಲದ ಮೇಲೆ ಕುಳಿತ. ನಾನು ಎದ್ದು ಹೋಗಲು ನೋಡಿದೆ, ಅಪ್ಪ ಕೈಸನ್ನೆಯಲ್ಲೇ ಕೂರಿಸಿದ. ಯಂತ್ರವನ್ನು ಗದ್ದದ ಕೆಳಗೆ ಒತ್ತಿಕೊಂಡ.

ಝೇಂಕರಿಸಿತು. ಏರಿಲ್ಲ, ಇಳಿವಿಲ್ಲ, ಗಂಡಸಿನದಲ್ಲ, ಹೆಂಗಸಿನದಲ್ಲ. ಎರಡನೇ ದೆವ್ವಕ್ಕೂ ಯಾರೂ ಇಂಥ ಧ್ವನಿ ಕೊಡುತ್ತಿರಲಿಲ್ಲ.

ಅಮ್ಮ ಟವೆಲ್ ಕೆಳಗಿಟ್ಟಳು. "ಏನು?"

ಅಪ್ಪ ಮತ್ತೆ ಹೇಳಿದ.

"ಏನ್ ಉಳಿಸಿದ್ರಿ? ಗೊತ್ತಾಗ್ಲಿಲ್ಲ." ಅವಳು ನನ್ನ ಕಡೆ ತಿರುಗಿದಳು. ಏಳು ದಿನಗಳಲ್ಲಿ ಮೊದಲ ಸಲ. "ಏನಂತಾರೋ?"

ನನಗೆ ಗೊತ್ತಿತ್ತು. ಅಕ್ಷರ ಅಕ್ಷರ ಗೊತ್ತಿತ್ತು. ನಾಲಿಗೆಯ ತುದಿಯಲ್ಲಿತ್ತು, ಬೇಕಿದ್ದರೆ ಅಪ್ಪನ ಧ್ವನಿಯಲ್ಲೇ. ಹಲ್ಲು ಕಚ್ಚಿಕೊಂಡು ಚಾಪೆಯ ಅಂಚು ನೋಡಿದೆ.

"ಅವರನ್ನೇ ಕೇಳಮ್ಮ."

ಅಪ್ಪ ಉಸಿರು ತೆಗೆದುಕೊಂಡ. ತುಟಿಗಳನ್ನು ನಿಧಾನವಾಗಿ, ಪ್ರತಿ ಅಕ್ಷರಕ್ಕೂ ಜಾಗ ಕೊಟ್ಟು ಆಡಿಸಿದ. ಮೂರನೇ ಸಲಕ್ಕೆ ಅಮ್ಮನ ತುಟಿಗಳೂ ಅವನ ಜೊತೆ ಆಡಿದವು, ಅವಳು ಅದನ್ನು ಒಂದೊಂದಾಗಿ ಹೆಕ್ಕಿಕೊಂಡಳು.

"ಗಂಟಲು ಉಳಿಸ್ಬೇಕು ಅಂತ ಮನೇಲಿ ಮಾತೇ ಆಡ್ಲಿಲ್ಲ. ಯಾರಿಗೋಸ್ಕರ ಉಳಿಸಿದ್ನೋ. ತಪ್ಪಾಯ್ತು ಕಣೇ."

ಅಮ್ಮ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ಸರಿಸಿದಳು.

"ಇಪ್ಪತ್ತಾರು ವರ್ಷ ನಾನು ಕೇಳ್ತಾನೇ ಇದ್ದೆ" ಎಂದಳು. "ನೀವು ಹೂಂ ಅಂತಾನೂ ಅಂತಿರ್ಲಿಲ್ಲ. ನಾಳೆ ರೆಕಾರ್ಡಿಂಗ್ ಇದೆ ಅಂತ ಕತ್ತಿಗೆ ಶಾಲು ಸುತ್ಕೊಂಡು ಮಲಗ್ತಿದ್ರಿ. ನಾನು ಕೇಳಿದ್ದು ಕಿವಿಗಾದ್ರೂ ಬೀಳ್ತಿತ್ತಾ?"

"ಎಲ್ಲಾ" ಎಂದಿತು ಯಂತ್ರ.

"ಎಲ್ಲಾನೂ?"

"ಎಲ್ಲಾನೂ."

"ಹಾಗಾದ್ರೆ ಉತ್ತರ ಕೊಡಿ. ಮೊದಲಿಂದ." ಅಮ್ಮ ಸೆರಗು ಸಿಕ್ಕಿಸಿಕೊಂಡು ಸರಿಯಾಗಿ ಕೂತಳು. "ಮದುವೆಯಾದ ಮೊದಲನೇ ವಾರ ಕೇಳಿದ್ದೆ, ಈ ಕಿಟಕಿಗೆ ಯಾವ ಬಣ್ಣದ ಪರದೆ ಹಾಕ್ಲಿ ಅಂತ."

ಅಪ್ಪ ಕಿಟಕಿ ನೋಡಿದ. ಬಹಳ ಯೋಚಿಸಿದ. ಯಂತ್ರ ಒತ್ತಿದ.

"ಹಳದಿ."

"ಹಸಿರು ಹಾಕಿ ಇಪ್ಪತ್ತಾರು ವರ್ಷ ಆಯ್ತಲ್ರೀ!" ಅಮ್ಮ ಟವೆಲ್ ಎತ್ತಿ ಅವನ ಮೇಲೆಸೆದಳು. "ಆವತ್ತೇ ಒಂದ್ಮಾತು ಅಂದಿದ್ರೆ ಗಂಟು ಹೋಗ್ತಿತ್ತಾ?"

"ನಂಗೆ. ಹಸಿರು. ಆಗಲ್ಲ."

"ಈಗ ಹೇಳ್ತಾರೆ ನೋಡಪ್ಪಾ!"

ನಾನು ನನ್ನ ಕೋಣೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಆರೂ ಕಾಲು. ಆ ಕಡೆ ಒಂಬತ್ತನೇ ಪ್ರಶ್ನೆ ನಡೆಯುತ್ತಿದೆ, ನನ್ನನ್ನು ಯಾವ ಶಾಲೆಗೆ ಸೇರಿಸಬೇಕಿತ್ತು ಎಂಬುದು ನೂರರ ಆಚೆಯಂತೆ. ಜಗಳವೇ, ಸಂಶಯವಿಲ್ಲ. ನಮ್ಮ ಮನೆಯಲ್ಲಿ ಎರಡು ಕಡೆಯಿಂದ ಜಗಳ ಕೇಳುತ್ತಿರುವುದು ಇದೇ ಮೊದಲು. ಯಂತ್ರದ ಝೇಂಕಾರ ಸಣ್ಣಗಾಗುತ್ತ ಬಂತು, ಈಗ ಸೊಳ್ಳೆಯಷ್ಟಾಗಿದೆ.

ಅಮ್ಮ ಕೂಗುತ್ತಿದ್ದಾಳೆ.

"ಏಯ್, ಬೇಗ ಹೋಗಿ ಬ್ಯಾಟರಿ ತಗೊಂಡ್ಬಾರೋ. ಒಂದಲ್ಲ, ಹತ್ತು ತಾ. ಇನ್ನೂ ಮೊದಲನೇ ವರ್ಷಾನೇ ಮುಗಿದಿಲ್ಲ!"